ಚಿಗರಿ ಬಸ್ಸಿನಲ್ಲಿ ಖರಜದ ತಂತಿ: ಓಡಾಟಕ್ಕೆ ಎಂಥ ಹೆಡ್‌ಫೋನ್?

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ಹೆಡ್‌ಫೋನ್ ತೋರಿಸಿ ಎಂದರೆ ಮೊದಲು ಬರುವ ಮಾತು ಬಹುತೇಕ ಒಂದೇ: "ಇದರಾಗ ಬೇಸ್ ಭಾಳ ಚಲೋ ಐತ್ರಿ." ಆಮೇಲೆ ಬ್ಯಾಟರಿ ಎಷ್ಟು ತಾಸು ಬರುತ್ತದೆ ಎಂಬ ಲೆಕ್ಕ, ಅದರ ಹಿಂದೆಯೇ ರಿಯಾಯಿತಿಯ ಮಾತು. ಒಂದೇ ಬಗೆಯ ಹಾಡು ಕೇಳುವವರಿಗೆ ಇಷ್ಟು ಸಾಕಾದೀತು. ಆದರೆ ದಿನಾ ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಡುತ್ತ ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರ ಖಯಾಲು, ಸಂಜೆ ಹೊಸ ಸಿನಿಮಾ ಹಾಡು, ನಡುವೆ ಶರೀಫರ ತತ್ವಪದ, ಮನಸ್ಸು ಬಂದರೆ ಡಿಜೆ ಜಾನಪದ ಎಂದು ಕೇಳುವವರು ಈ ಊರಲ್ಲಿ ಕಡಿಮೆಯಿಲ್ಲ. ಅವರ ಪ್ರಶ್ನೆಗೆ ಅಂಗಡಿಯ ಆ ಮಾತುಗಳಲ್ಲಿ ಉತ್ತರವಿಲ್ಲ.

ಎಲ್ಲ ಸಂಗೀತಕ್ಕೂ ಸರಿಹೋಗುವ ಒಂದು ಹೆಡ್‌ಫೋನ್ ಬೇಕೆಂದರೆ, ನೀವು ಕೇಳುವುದರಲ್ಲಿ ಅತಿ ಗಟ್ಟಿಯಾದ ಹಾಡನ್ನು ಹಚ್ಚಿ ಪರೀಕ್ಷಿಸಬೇಡಿ. ಅತಿ ಮೆಲ್ಲಗಿನದನ್ನು ಹಚ್ಚಿ. ಓಡುವ ಬಸ್ಸಿನಲ್ಲಿ ಮೆಲುದನಿಯ ಆಲಾಪ ಹದವಾಗಿ ಕೇಳಿಸುವ ಸಾಧನದಲ್ಲಿ ಮಿಕ್ಕಿದ್ದೆಲ್ಲ ಬಹುಮಟ್ಟಿಗೆ ತಾನಾಗಿಯೇ ಕೇಳಿಸುತ್ತದೆ. ಡೊಳ್ಳಿನ ಹಾಡು ಚೆನ್ನಾಗಿ ಕೇಳಿಸಿತೆಂದು ಆರಿಸಿದ್ದರಲ್ಲಿ ಆಲಾಪ ಕೇಳಿಸೀತೆಂಬ ಭರವಸೆಯಿಲ್ಲ.

ಹಾದಿಯ ಸದ್ದು

ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದವು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಎರಡೂ ಊರುಗಳನ್ನು ಬೆಸೆಯುವ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ಪಥ, ಹವಾನಿಯಂತ್ರಣ, ಮುಚ್ಚಿದ ಕಿಟಕಿ. ಹಳೆಯ ಕೆಂಪು ಬಸ್ಸಿಗೆ ಹೋಲಿಸಿದರೆ ಕಿವಿಗೆ ದೊಡ್ಡ ನೆಮ್ಮದಿ. ಹೊರಗಿನ ಹಾರ್ನು, ಗಾಳಿಯ ಭರಾಟೆ ಬಹುಪಾಲು ಗಾಜಿನಾಚೆಯೇ ಉಳಿಯುತ್ತವೆ. ಒಳಗೆ ಉಳಿಯುವುದು ಎಂಜಿನ್ನಿನ ಗುಂಯ್‌ಗುಡುವಿಕೆ, ಎ.ಸಿ.ಯ ಬೀಸು, ನಿಲ್ದಾಣದ ಘೋಷಣೆ, ಪಕ್ಕದವರ ಫೋನ್ ಮಾತು.

ಈ ಎಂಜಿನ್ ಸದ್ದನ್ನು ಲೆಕ್ಕಹಾಕಿ ನೋಡುವುದು ಒಳ್ಳೆಯದು. ದೊಡ್ಡ ಬಸ್ಸುಗಳಲ್ಲಿ ಸಾಮಾನ್ಯವಾದ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದು ಸುತ್ತಿಗೆ ಮೂರು ಬಾರಿ ಇಂಧನ ಉರಿಸುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸುತ್ತು, ಅಂದರೆ 75 ಸ್ಫೋಟ. ಅದರ ಮೂಲ ಸದ್ದು 75 ಹರ್ಟ್ಸ್. ಈಗ ತಾನ್ಪುರಾಕ್ಕೆ ಬನ್ನಿ. ಗಾಯಕ ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತಿದ್ದರೆ ಅವನ ಷಡ್ಜ ಸುಮಾರು 139 ಹರ್ಟ್ಸ್. ತಾನ್ಪುರಾದ ಅತಿ ತಗ್ಗಿನ ತಂತಿಯಾದ ಖರಜ ಅದರ ಅರ್ಧ, ಸುಮಾರು 69. ಸತ್ತೂರು ದಾಟಿ ಬಸ್ಸು ವೇಗ ಹಿಡಿಯುತ್ತಿದ್ದಂತೆ ಖರಜ ಮಾಯವಾಗುವುದು ನಿಮ್ಮ ಭ್ರಮೆಯಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂತಿವೆ, ದೊಡ್ಡದು ಸಣ್ಣದನ್ನು ನುಂಗುತ್ತದೆ. ತಬಲಾದ ಡಗ್ಗಾಕ್ಕೂ ಇದೇ ಗತಿ. ಕೆಳಗಿನ ಸದ್ದಿಗೆ ಮೇಲಿನ ಸದ್ದನ್ನು ಮುಚ್ಚುವ ಗುಣವೂ ಇದೆ. ಹಾಗಾಗಿ ಎಂಜಿನ್ ಖರಜವನ್ನಷ್ಟೇ ನುಂಗಿ ಸುಮ್ಮನಾಗದೆ ಮಂದ್ರದ ದನಿಯನ್ನೂ ಮಂಕಾಗಿಸುತ್ತದೆ.

ಈ ಊರಿನ ಸಂಗೀತವೇ ಪರೀಕ್ಷೆ

ಹೆಡ್‌ಫೋನ್ ವಿಮರ್ಶೆಗಳು ಹೆಚ್ಚಾಗಿ ಪಾಪ್, ರಾಕ್, ಎಲೆಕ್ಟ್ರಾನಿಕ್ ಹಾಡುಗಳನ್ನು ಹಚ್ಚಿ ಬರೆದವು. ಅಂಥ ಹಾಡುಗಳನ್ನು ಧ್ವನಿಮುದ್ರಣದ ಹೊತ್ತಿಗೇ ಒತ್ತಿ ಸಮ ಮಾಡಿರುತ್ತಾರೆ. ಮೆಲು ಭಾಗಕ್ಕೂ ಗಟ್ಟಿ ಭಾಗಕ್ಕೂ ಅಂತರ ಕಡಿಮೆ. ನಮ್ಮ ಡಿಜೆ ಜಾನಪದವಂತೂ ಮೊದಲ ಏಟಿನಿಂದ ಕೊನೆಯವರೆಗೆ ಒಂದೇ ಮಟ್ಟ. ಬಸ್ಸಿನ ಸದ್ದಿನ ಮೇಲೆ ಅದು ಸಲೀಸಾಗಿ ತೇಲುತ್ತದೆ.

ಕಿರಾಣಾ ಘರಾಣೆಯ ವಿಲಂಬಿತ ಖಯಾಲು ಹಾಗಲ್ಲ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ರಾಗವನ್ನು ಕೆಳಗಿನಿಂದ ಒಂದೊಂದೇ ಸ್ವರವಾಗಿ ಬಿಡಿಸುತ್ತ ಮೇಲೇರುವವರು. ಮೊದಲ ಹತ್ತು ನಿಮಿಷ ಮಂದ್ರ, ಮಧ್ಯ ಸಪ್ತಕಗಳಲ್ಲಿ ಮೆಲ್ಲಗೆ ಸಾಗಿ, ಅರ್ಧ ತಾಸಿನ ಹೊತ್ತಿಗೆ ತಾನುಗಳು ಸಿಡಿಯತೊಡಗುತ್ತವೆ. ಆರಂಭ ಕೇಳಿಸಲೆಂದು ವಾಲ್ಯೂಮ್ ಏರಿಸಿದವರು ತಾನಿನ ಹೊತ್ತಿಗೆ ಬೆಚ್ಚಿ ಇಳಿಸುತ್ತಾರೆ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಗೂಬಾಯಿಯವರ ದನಿ ತಗ್ಗಿ ಗಡುಸಾಯಿತು. ಆ ದನಿಯ ತೂಕವಿರುವುದು ತಗ್ಗಿನ ಆವರ್ತನಗಳ ಪಟ್ಟಿಯಲ್ಲಿ. ತೆಳು ಸದ್ದಿನ ಅಗ್ಗದ ಇಯರ್‌ಫೋನಿನಲ್ಲಿ ಅದು ಬರಿಯ ಒರಟಾಗಿ ಕೇಳಿಸುತ್ತದೆ, ಬೇಸ್ ಉಬ್ಬಿಸಿದ್ದರಲ್ಲಿ ಮಸುಕಾಗುತ್ತದೆ.

ಇನ್ನೊಂದು ತುದಿಯಲ್ಲಿ ಹಳೆಯ ಮುದ್ರಣಗಳಿವೆ. 1930ರ ದಶಕದಲ್ಲಿ ಗಂಗೂಬಾಯಿ, ಮನ್ಸೂರ್ ಇಬ್ಬರೂ ಎಚ್‌ಎಂವಿ ಕಂಪನಿಗೆ ಹಾಡಿದ 78 ಸುತ್ತಿನ ಮುದ್ರಿಕೆಗಳಲ್ಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಹಾಡು. ಸುಮಾರು 5,000 ಹರ್ಟ್ಸ್ ಮೇಲೆ ಸಂಗೀತಕ್ಕಿಂತ ಮುಳ್ಳಿನ ಕರಕರವೇ ಹೆಚ್ಚು. ಮೇಲಿನ ತುದಿಯನ್ನು ಮೊನಚಾಗಿಸಿದ ಹೆಡ್‌ಫೋನ್ ಆ ಕರಕರವನ್ನೇ ಎತ್ತಿ ತೋರಿಸುತ್ತದೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳಿಗೂ ಈ ಮಾತು ತಕ್ಕಮಟ್ಟಿಗೆ ಅನ್ವಯಿಸುತ್ತದೆ. ಸಿ. ಅಶ್ವತ್ಥ್ ಹಾಡಿದ ತತ್ವಪದಗಳಲ್ಲಿ, ಬಸವರಾಜ ರಾಜಗುರು ಹಾಡಿದ ವಚನಗಳಲ್ಲಿ ಮಾತೇ ಮುಖ್ಯ. ಅಲ್ಲಿ ನಡುವಿನ ಪಟ್ಟಿ ತಿಳಿಯಾಗಿರಬೇಕು. 'ಕೆಜಿಎಫ್', 'ಕಾಂತಾರ'ದಂಥ ಸಿನಿಮಾಗಳ ಹಾಡುಗಳಿಗೆ ಕೆಳಗಿನ ಗುದ್ದೂ ಎಡಬಲದ ಹರವೂ ಬೇಕು. ಇಷ್ಟನ್ನೂ ಒಂದೇ ಸಾಧನ ಸಂಭಾಳಿಸಬೇಕು.

ಕಿವಿಯ ಮೇಲೆ, ಕಿವಿಯೊಳಗೆ

ಆಕಾರದ ಆಯ್ಕೆ ಅರ್ಧ ಕೆಲಸ ಮುಗಿಸುತ್ತದೆ. ಇಡೀ ಕಿವಿಯನ್ನು ಮುಚ್ಚುವ ದೊಡ್ಡ ಹೆಡ್‌ಫೋನುಗಳಲ್ಲಿ ಎರಡು ಬಗೆ. ಹಿಂಬದಿ ತೆರೆದವು ಮನೆಯ ಕೋಣೆಯಲ್ಲಿ ಅತ್ಯಂತ ಸಹಜವಾಗಿ ಹಾಡುತ್ತವೆ. 1968ರ ಸೆನ್‌ಹೈಸರ್ ಎಚ್‌ಡಿ 414 ಹಿಂಬದಿ ತೆರೆದ ವಿನ್ಯಾಸವನ್ನು ಜನಪ್ರಿಯಗೊಳಿಸಿತು. ಬಸ್ಸಿನಲ್ಲಿ ಅವು ನಿರುಪಯೋಗಿ, ಹೊರಗಿನದನ್ನು ಒಳಗೂ ಒಳಗಿನದನ್ನು ಹೊರಗೂ ಬಿಡುತ್ತವೆ. ಹಿಂಬದಿ ಮುಚ್ಚಿದವು ಓಡಾಟಕ್ಕೆ ಸರಿ. ಕೂತು ಪ್ರಯಾಣಿಸುವವರಿಗೆ ಇದಕ್ಕಿಂತ ಸುಖವಾದದ್ದಿಲ್ಲ. ಆದರೆ ಏಪ್ರಿಲ್–ಮೇ ಬಿಸಿಲಲ್ಲಿ ನಿಲ್ದಾಣಕ್ಕೆ ನಡೆಯುವಾಗ ಕಿವಿ ಬೆವರುತ್ತದೆ, ಕನ್ನಡಕದ ಕಡ್ಡಿ ಒತ್ತುತ್ತದೆ, ಚೀಲದಲ್ಲಿ ಜಾಗ ಬೇಕು. ಕಿವಿಯ ಮೇಲೆ ಕೂರುವ ಸಣ್ಣ ಬಗೆ ಹಗುರ, ಆದರೆ ಹೊರಸದ್ದನ್ನು ತಡೆಯುವ ಶಕ್ತಿ ಕಡಿಮೆ.

ಕಿವಿಯೊಳಗೆ ರಬ್ಬರ್ ತುದಿ ಸೇರಿಸುವ ಇಯರ್‌ಫೋನ್, ಇಯರ್‌ಬಡ್‌ಗಳು ನಮ್ಮ ಹಾದಿಗೆ ಹೆಚ್ಚು ಒಗ್ಗುತ್ತವೆ. ಆದರೆ ಎಲ್ಲವೂ ನಿಂತಿರುವುದು ಆ ಪುಟ್ಟ ರಬ್ಬರಿನ ಮೇಲೆ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ತುದಿಗಳಿರುತ್ತವೆ. ಹೆಚ್ಚಿನವರು ಹಾಕಿಕೊಟ್ಟಿದ್ದನ್ನೇ ಹಾಕಿಕೊಂಡು ಉಳಿದವನ್ನು ಡಬ್ಬಿಯಲ್ಲೇ ಮರೆಯುತ್ತಾರೆ. ಒಂದು ಹಾಡು ಹಚ್ಚಿ ಬಡ್ ಅನ್ನು ಬೆರಳಿಂದ ಮೆಲ್ಲಗೆ ಒಳಗೆ ಒತ್ತಿ ನೋಡಿ. ಒತ್ತಿದಾಗ ಕೆಳಗಿನ ಸದ್ದು ಒಮ್ಮೆಲೇ ತುಂಬಿಕೊಂಡು, ಬಿಟ್ಟಾಗ ಸೋರಿಹೋದರೆ ತುದಿ ಸಣ್ಣದಾಯಿತು ಎಂದರ್ಥ. ಎಡಗಿವಿಗೊಂದು, ಬಲಗಿವಿಗೊಂದು ಅಳತೆ ಬೇಕಾಗುವುದೂ ಸಹಜ. ಸ್ಪಂಜಿನಂಥ ಫೋಮ್ ತುದಿ ಇನ್ನೂ ಚೆನ್ನಾಗಿ ಮುಚ್ಚುತ್ತದೆ, ಬೇಗ ಸವೆಯುತ್ತದೆ. ಸಾವಿರಾರು ರೂಪಾಯಿಯ ಬಡ್ ಸರಿಯಾಗಿ ಕೂರದಿದ್ದರೆ ಚೆನ್ನಾಗಿ ಕೂತ ಅಗ್ಗದ್ದಕ್ಕಿಂತ ಕಳಪೆ ಕೇಳಿಸುತ್ತದೆ.

ರಬ್ಬರಿಲ್ಲದೆ ಕಿವಿಯ ಬಾಯಲ್ಲಿ ತೂಗುವ ಬಡ್‌ಗಳು, ಎಲುಬಿನ ಮೂಲಕ ಕಂಪನ ದಾಟಿಸುವ ಬಗೆ, ಈಚೆಗೆ ಬಂದಿರುವ ತೆರೆದ ಕ್ಲಿಪ್‌ಗಳು ಸುತ್ತಲಿನ ಸದ್ದನ್ನು ಬೇಕೆಂದೇ ಬಿಟ್ಟುಕೊಳ್ಳುತ್ತವೆ. ಬೆಳಗಿನ ವಾಕಿಂಗಿಗೆ ಅವು ಸರಿ. ಬಸ್ಸಿನಲ್ಲಿ ಖಯಾಲು ಕೇಳಲು ಹೊರಟರೆ ಎಂಜಿನ್ನೇ ಗೆಲ್ಲುತ್ತದೆ.

ಸದ್ದಡಗಿಸುವ ತಂತ್ರ

ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್, ಎಲ್ಲರ ಬಾಯಲ್ಲಿ ಎಎನ್‌ಸಿ, ಹೊಸ ಕಲ್ಪನೆಯೇನಲ್ಲ. ಒಂದು ಸದ್ದಿಗೆ ಅದರ ತದ್ವಿರುದ್ಧ ಅಲೆಯನ್ನು ಎದುರಿಟ್ಟು ಎರಡನ್ನೂ ಅಳಿಸಬಹುದೆಂಬ ಉಪಾಯಕ್ಕೆ ಜರ್ಮನಿಯ ಪೌಲ್ ಲೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದನ್ನು ಹೆಡ್‌ಫೋನಿಗೆ ತಂದ ಖ್ಯಾತಿ ಅಮರ್ ಬೋಸ್ ಅವರದು. 1978ರಲ್ಲಿ ವಿಮಾನದಲ್ಲಿ ಹಾಡು ಕೇಳಲು ಹೋಗಿ ಎಂಜಿನ್ ಸದ್ದಿನಿಂದ ಬೇಸತ್ತು ಅವರು ಈ ಕೆಲಸಕ್ಕೆ ಕೈಹಾಕಿದರು. 1989ರಲ್ಲಿ ಅವರ ಕಂಪನಿ ಪೈಲಟ್‌ಗಳಿಗಾಗಿ ಹೆಡ್‌ಸೆಟ್ ತಂದಿತು.

ಈ ತಂತ್ರ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಅಲೆಯ ಉದ್ದದ ಮೇಲೆ ನಿಂತಿದೆ. 75 ಹರ್ಟ್ಸಿನ ಅಲೆ ನಾಲ್ಕೂವರೆ ಮೀಟರ್ ಉದ್ದ, ನಿಧಾನ, ಒಂದೇ ಸಮ. ಅದನ್ನು ಅಳೆದು ಎದುರಲೆ ಕಟ್ಟಲು ಸಾಧನದೊಳಗಿನ ಚಿಪ್‌ಗೆ ಪುರಸೊತ್ತು ಸಿಗುತ್ತದೆ. 5,000 ಹರ್ಟ್ಸಿನ ಅಲೆ ಏಳು ಸೆಂಟಿಮೀಟರ್ ಮಾತ್ರ. ಅಲ್ಲಿ ಲೆಕ್ಕ ಕೂದಲೆಳೆ ತಪ್ಪಿದರೂ ಕೆಲಸ ಕೆಡುತ್ತದೆ. ಹಾಗಾಗಿ ಎಎನ್‌ಸಿ ಸುಮಾರು 1,000 ಹರ್ಟ್ಸ್ ಕೆಳಗೆ ಬಲ್ಲಿದ, ಮೇಲೆ ಬಡವ. ಒಳ್ಳೆಯ ಸಾಧನಗಳು ಕೆಳಗಿನ ಸದ್ದನ್ನು 20ರಿಂದ 30 ಡೆಸಿಬೆಲ್ ತಗ್ಗಿಸುತ್ತವೆ. ಹತ್ತು ಡೆಸಿಬೆಲ್ ತಗ್ಗಿದರೇ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಪಕ್ಕದವರ ಮಾತು, ಹಾರ್ನು, ಮಗುವಿನ ಅಳು ಇವನ್ನು ತಡೆಯುವುದು ರಬ್ಬರ್ ತುದಿ ಅಥವಾ ಕಿವಿಮೆತ್ತೆಯೇ ಹೊರತು ಚಿಪ್ ಅಲ್ಲ. ಚಿಗರಿಯ ಒಳಗಿನ ಸದ್ದು ಬಹುಪಾಲು ತಗ್ಗಿನದು, ಎಡೆಬಿಡದ್ದು. ಎಎನ್‌ಸಿಗೆ ಹೇಳಿ ಮಾಡಿಸಿದ ಜಾಗ. ಆಟೋದಲ್ಲಿ, ಗಾಳಿ ಬೀಸುವ ಕಿಟಕಿಯ ಪಕ್ಕದಲ್ಲಿ ಅದೇ ಸಾಧನ, ಹೊರಸದ್ದು ಹಿಡಿಯುವ ಅದರ ಮೈಕಿಗೆ ಗಾಳಿ ಬಡಿದು, ಬುಸುಗುಡುವುದುಂಟು.

ಕೊಳ್ಳುವಾಗ ಒಂದು ಎಚ್ಚರ. ಅಗ್ಗದ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ 'ಇಎನ್‌ಸಿ' ಎಂದಿರುತ್ತದೆ. ಅದು ನೀವು ಫೋನಿನಲ್ಲಿ ಮಾತಾಡುವಾಗ ಆಚೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ತಗ್ಗಿಸುವ ಸೌಲಭ್ಯ. ನಿಮ್ಮ ಕಿವಿಗೆ ಅದರಿಂದ ಕಿಂಚಿತ್ತೂ ಲಾಭವಿಲ್ಲ. ಅಂಗಡಿಯಲ್ಲಿ ಎರಡೂ ಒಂದೇ ಎನ್ನುವವರಿದ್ದಾರೆ. ಒಂದಲ್ಲ.

ಬೇಸಿನ ಮೋಹ ಎಲ್ಲಿಂದ ಬಂತು

ನಮ್ಮವರ ಬೇಸ್ ಪ್ರೀತಿಯನ್ನು ರುಚಿಹೀನತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಸದ್ದು ಮೆಲ್ಲಗಿದ್ದಾಗ ಕಿವಿಗೆ ಕೆಳಗಿನ ಪಟ್ಟಿ ಕಡಿಮೆ ಕೇಳಿಸುತ್ತದೆ ಎಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಅದರ ಮೇಲೆ ಎಂಜಿನ್ ಸದ್ದು ಆ ಪಟ್ಟಿಯನ್ನೇ ಮುಚ್ಚುತ್ತದೆ. ಸದ್ದು ತಡೆಯದ ಇಯರ್‌ಫೋನ್ ಹಾಕಿಕೊಂಡವನಿಗೆ ಬೇಸ್ ಸಾಲದೆನಿಸುವುದು ಸಹಜ. ಕಂಪನಿಗಳು ತಡೆಗೋಡೆ ಕಟ್ಟುವ ಬದಲು ಬೇಸ್ ಉಬ್ಬಿಸಿ ಕೊಟ್ಟವು, ಅದು ಅಗ್ಗದ ದಾರಿ. ಜೊತೆಗೆ ಮೇಲಿನ ತುದಿಯನ್ನೂ ಮೊನಚಾಗಿಸಿ ನಡುವನ್ನು ತಗ್ಗಿಸಿದರು. ಗಾಯಕರ ದನಿ, ಹಾರ್ಮೋನಿಯಂ, ಸಾರಂಗಿ ಬದುಕುವುದೇ ಸುಮಾರು 300ರಿಂದ 3,000 ಹರ್ಟ್ಸಿನ ಆ ನಡುವಿನಲ್ಲಿ. ಅದು ಕುಸಿದರೆ ಮನ್ಸೂರರ ದನಿ ಪಕ್ಕದ ಕೋಣೆಯಿಂದ ಬಂದಂತಾಗುತ್ತದೆ.

ಜನಕ್ಕೆ ನಿಜಕ್ಕೂ ಯಾವ ಹದ ಹಿಡಿಸುತ್ತದೆ ಎಂಬುದನ್ನು ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು 2012ರ ಆಸುಪಾಸಿನಿಂದ ಬ್ರ್ಯಾಂಡ್ ಹೆಸರು ಮರೆಮಾಡಿ ಕೇಳಿಸಿ ಪರೀಕ್ಷಿಸಿದರು. ಬಹುಪಾಲು ಜನ ಸ್ವಲ್ಪ ತುಂಬಿದ ಕೆಳಸದ್ದು, ತಿಳಿಯಾದ ನಡು, ಚುಚ್ಚದ ಮೇಲ್ತುದಿ ಇರುವ ಹದವನ್ನೇ ಮೆಚ್ಚಿದರು. ಬೆಲೆಗೂ ಈ ಹದಕ್ಕೂ ನೇರ ನಂಟಿಲ್ಲ. ಡಬ್ಬಿಯ ಮೇಲಿನ '13 ಎಂಎಂ ಡ್ರೈವರ್', '10 ಹರ್ಟ್ಸ್–40 ಕಿಲೋಹರ್ಟ್ಸ್' ಎಂಬ ಅಂಕಿಗಳಿಂದ ಈ ಹದದ ಬಗ್ಗೆ ಏನೂ ತಿಳಿಯದು. ಆ್ಯಪ್‌ನಲ್ಲಿ ಈಕ್ವಲೈಜರ್ ಇದ್ದರೆ ಬೇಸ್ ಸ್ವಲ್ಪ ಇಳಿಸಿ ನಡುವನ್ನು ಉಳಿಸಿಕೊಳ್ಳಬಹುದು. ತಡೆಯದ ಸದ್ದನ್ನು ಮಾತ್ರ ಯಾವ ಈಕ್ವಲೈಜರೂ ತಡೆಯಲಾರದು.

ತಂತಿಯೋ ಬ್ಲೂಟೂತೋ

ಈ ಜಗಳಕ್ಕೆ ಬಸ್ಸಿನಲ್ಲಿ ಅರ್ಥ ಕಡಿಮೆ. ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ಕೋಡೆಕ್ (ಹಾಡನ್ನು ಒತ್ತಿ ಸಾಗಿಸುವ ವಿಧಾನ) ಸೆಕೆಂಡಿಗೆ 328 ಕಿಲೋಬಿಟ್ ತನಕ ಸಾಗಿಸುತ್ತದೆ, ಸೋನಿಯ ಎಲ್‌ಡಿಎಸಿ 990ರ ತನಕ. ಕೇಳುವ ಮೂಲ ಯೂಟ್ಯೂಬ್ ಆಗಿದ್ದರೆ ಅಲ್ಲಿರುವುದೇ ಸಾಮಾನ್ಯವಾಗಿ 128ರ ಆಸುಪಾಸು. ಬಾವಿಯಲ್ಲಿರುವುದೇ ಒಂದು ಕೊಡ ನೀರಾದರೆ ಹಗ್ಗ ದಪ್ಪವಾಗಿ ಏನು ಪ್ರಯೋಜನ? ಕೋಡೆಕ್ಕಿಗಾಗಿ ಹೆಚ್ಚು ಹಣ ಕೊಡುವ ಅಗತ್ಯ ಈ ಹಾದಿಯಲ್ಲಿಲ್ಲ.

ಬ್ಯಾಟರಿಯ ಲೆಕ್ಕವೂ ಅಷ್ಟೇ. ಹೋಗಿ ಬರುವ ಹಾದಿ, ಕಾಯುವ ಹೊತ್ತು ಸೇರಿ ದಿನಕ್ಕೆ ಎರಡು ತಾಸಾದೀತು. ಆರು ತಾಸು ಬರುವ ಬಡ್ ಧಾರಾಳ. ನೋಡಬೇಕಾದದ್ದು ಒಂದು ಚಾರ್ಜಿನ ತಾಸನ್ನಲ್ಲ, ಸಾಧನದ ಆಯುಷ್ಯವನ್ನು. ಇಯರ್‌ಬಡ್‌ನೊಳಗಿನ ಪುಟ್ಟ ಲಿಥಿಯಂ ಬ್ಯಾಟರಿ ಎರಡು-ಮೂರು ವರ್ಷದ ಹೊತ್ತಿಗೆ ಸೊರಗುತ್ತದೆ. ಬದಲಿಸಲು ಹೆಚ್ಚಿನವುಗಳಲ್ಲಿ ದಾರಿಯಿಲ್ಲ. ತಂತಿಯ ಇಯರ್‌ಫೋನಿಗೆ ಈ ಚಿಂತೆಯಿಲ್ಲ, ತಂತಿ ಕಳಚುವಂತಿದ್ದರೆ ತುಂಡಾದಾಗ ಅದನ್ನಷ್ಟೇ ಬದಲಿಸಬಹುದು. ಫೋನಿನಲ್ಲಿ 3.5 ಎಂಎಂ ತೂತು ಇಲ್ಲದಿದ್ದರೆ ಸಣ್ಣ ಅಡಾಪ್ಟರ್ ಬೇಕು. ನೂಕುನುಗ್ಗಲಿನಲ್ಲಿ ತಂತಿ ಯಾರದೋ ಚೀಲಕ್ಕೆ ಸಿಕ್ಕಿಕೊಳ್ಳುವುದೊಂದು ಕಿರಿಕಿರಿ. ನೆಕ್‌ಬ್ಯಾಂಡ್ ನಡುವಿನ ದಾರಿ, ಬಡ್ ಸೀಟಿನಡಿ ಉರುಳಿ ಕಳೆಯುವ ಭಯವಿಲ್ಲ. ಧಾರವಾಡದ ಜಿಟಿಜಿಟಿ ಮಳೆಗೆ ಐಪಿಎಕ್ಸ್4 ದರ್ಜೆ ಸಾಕು, ಎಲ್ಲ ದಿಕ್ಕಿನ ತುಂತುರನ್ನೂ ತಾಳುತ್ತದೆ.

ಕಿವಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ತಾಸು ಕೇಳಬಹುದು, 90ರಲ್ಲಿ ನಾಲ್ಕೇ ತಾಸು. ಪ್ರತಿ ಮೂರು ಡೆಸಿಬೆಲ್ ಏರಿದಾಗ ತಾಸು ಅರ್ಧವಾಗುತ್ತದೆ. ದಿನಕ್ಕೆ ಎರಡು ತಾಸಿನಂತೆ ಆರು ದಿನ, ಅಂದರೆ ವಾರಕ್ಕೆ 12 ತಾಸು ಕೇಳುವವರ ಮಿತಿ ಸುಮಾರು 85. ಓಡುವ ಬಸ್ಸಿನೊಳಗೆ ಸದ್ದು 70 ಡೆಸಿಬೆಲ್ ದಾಟುವುದು ಸಾಮಾನ್ಯ. ಮೆಲು ಆಲಾಪ ಅದರ ಮೇಲೆ ಕೇಳಬೇಕೆಂದು ವಾಲ್ಯೂಮ್ ಏರಿಸಿದರೆ, ತಾನು ಬರುವ ಹೊತ್ತಿಗೆ ಮಿತಿ ಮೀರಿರುತ್ತದೆ. ಸಂಗೀತ ಎಷ್ಟು ಶಾಸ್ತ್ರೀಯವಾದರೂ ಕಿವಿಯ ನರಕ್ಕೆ ಅದು ಬರಿಯ ಸದ್ದು. ಹೊರಸದ್ದನ್ನು ತಡೆಯುವುದು ಸುಖಕ್ಕಷ್ಟೇ ಅಲ್ಲ, ಕಿವಿಯ ಕಾವಲಿಗೂ ಬೇಕು. ಹಳೆಯ ಮುದ್ರಿಕೆಯ ಬೆನ್ನಿಗೆ ಡಿಜೆ ಹಾಡು ಬರುವ ಪಟ್ಟಿ ನಿಮ್ಮದಾಗಿದ್ದರೆ, ಆ್ಯಪ್‌ನಲ್ಲಿ ಎಲ್ಲ ಹಾಡುಗಳ ಮಟ್ಟ ಸಮಗೊಳಿಸುವ ಆಯ್ಕೆ ಇದ್ದಲ್ಲಿ ಅದನ್ನು ಚಾಲೂ ಮಾಡಿಡಿ.

ತಡೆಯುವಿಕೆಗೆ ಇನ್ನೊಂದು ಮುಖವೂ ಇದೆ. ಬಿಆರ್‌ಟಿಎಸ್ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಬಸ್ ಹಿಡಿಯಲು, ಇಳಿದು ಹೋಗಲು ವಾಹನಗಳ ಸಾಲು ದಾಟಲೇಬೇಕು. ಚೆನ್ನಾಗಿ ಮುಚ್ಚಿದ ಕಿವಿಗೆ ಹಾರ್ನು ತಡವಾಗಿ ಕೇಳುತ್ತದೆ. ದಾಟುವಾಗ ಬಡ್ ತೆಗೆಯುವುದೇ ಒಳ್ಳೆಯದು, ಹೊರಸದ್ದು ಒಳಬಿಡುವ ಟ್ರಾನ್ಸ್‌ಪರೆನ್ಸಿ ಮೋಡ್ ಇದ್ದರೂ ಸಹ. ಬೈಕಿನಲ್ಲಿ, ಸ್ಕೂಟರಿನಲ್ಲಿ ಯಾವ ಬಗೆಯೂ ಬೇಡ. ನಿಲ್ದಾಣದ ಘೋಷಣೆಗೆ ಒಂದು ಕಿವಿ ಬಿಡಬೇಕೆನ್ನುವವರಿಗೆ ಹಳೆಯ ಮುದ್ರಿಕೆಗಳು ವರದಾನ. ಅವು ಮೋನೊ, ಎಡಕ್ಕೂ ಬಲಕ್ಕೂ ಒಂದೇ ಸದ್ದು. ಒಂದೇ ಬಡ್ ಹಾಕಿದರೂ ಹಾಡಿನಲ್ಲಿ ಏನೂ ಕಳೆಯದು. ಸ್ಟೀರಿಯೋ ಸಿನಿಮಾ ಹಾಡಿನಲ್ಲಿ ಹಾಗೆ ಮಾಡಿದರೆ ಒಂದು ಬದಿಯ ವಾದ್ಯಗಳೇ ನಾಪತ್ತೆ. ಸ್ಪೀಕರಿನಲ್ಲೇ ಹಚ್ಚಿ ಇಡೀ ಬಸ್ಸಿಗೆ ಕೇಳಿಸುವವರ ಕಾಟಕ್ಕೆ 2021ರ ನವೆಂಬರಿನಲ್ಲಿ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ನಿರ್ಬಂಧ ಹಾಕಿತು. ಸಾಧಾರಣ ಇಯರ್‌ಫೋನ್ ಕೂಡ ಸಹಪ್ರಯಾಣಿಕರಿಗೆ ಉಪಕಾರವೇ.

ಯಾರಿಗೆ ಯಾವುದು

ಬೆಲೆಗಳು ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತವೆ, ಆದರೆ ಕ್ರಮ ಬದಲಾಗದು. ಎರಡು ಸಾವಿರದೊಳಗೆ ಇರುವವರಿಗೆ ಎಎನ್‌ಸಿ ಎಂದು ಕರೆಸಿಕೊಳ್ಳುವ ಅಗ್ಗದ ಬಡ್‌ಗಿಂತ ಚೆನ್ನಾಗಿ ಕೂರುವ ತಂತಿಯ ಇಯರ್‌ಫೋನ್ ಮೇಲು. ಮೂನ್‌ಡ್ರಾಪ್ ಚೂ ಬಗೆಯವು ಈ ಮಟ್ಟದಲ್ಲೇ ನಡುವಿನ ಪಟ್ಟಿಯನ್ನು ತಿಳಿಯಾಗಿ ಕೊಡುತ್ತವೆ. ಮೂರರಿಂದ ಎಂಟು ಸಾವಿರದ ನಡುವೆ ಎಎನ್‌ಸಿ ಇರುವ ಬಡ್‌ಗಳು ಹದಕ್ಕೆ ಬರುತ್ತವೆ, ನಿತ್ಯದ ಚಿಗರಿ ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಇಷ್ಟು ಸಾಕು. ಇಪ್ಪತ್ತು ಸಾವಿರದ ಮೇಲಿನ ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ ಸರಣಿ, ಬೋಸ್ ಕ್ವಯಟ್‌ಕಂಫರ್ಟ್‌ನಂಥವು ಎಂಜಿನ್ ಸದ್ದನ್ನು ಹೆಚ್ಚುಕಡಿಮೆ ಅಳಿಸುತ್ತವೆ. ಧಾರವಾಡದಿಂದ ಬೆಂಗಳೂರಿಗೆ ಪದೇ ಪದೇ ರೈಲಿನಲ್ಲಿ ಹೋಗುವವರಿಗೆ ಆ ಹಣ ಸಾರ್ಥಕ. ಉಣಕಲ್ಲಿನಿಂದ ವಿದ್ಯಾನಗರಕ್ಕೆ ಹೋಗುವವರಿಗೆ ಅಷ್ಟು ಬೇಕಿಲ್ಲ.

ಪರೀಕ್ಷಿಸುವುದು ಹೇಗೆ? ಅಂಗಡಿಯವರ ಹಾಡು ಬೇಡ, ನಿಮ್ಮದನ್ನೇ ಒಯ್ಯಿರಿ. ಎ.ಸಿ. ಅಂಗಡಿಯ ಒಳಗಲ್ಲ, ವಾಹನಗಳ ಸದ್ದು ಬೀಳುವ ಬಾಗಿಲ ಬಳಿ ನಿಲ್ಲಿ. ಮೊದಲು ವಿಲಂಬಿತ ಖಯಾಲಿನ ಮೊದಲ ಎರಡು ನಿಮಿಷ ಹಚ್ಚಿ, ತಾನ್ಪುರಾದ ನಾಲ್ಕೂ ತಂತಿ ಬೇರೆಬೇರೆಯಾಗಿ ಕೇಳಿಸುವವರೆಗೆ ವಾಲ್ಯೂಮ್ ಏರಿಸಿ. ಅದು ಅರ್ಧದ ಗೆರೆ ದಾಟಿ ಬಹಳ ಮೇಲೆ ಹೋಯಿತೇ? ಆ ಸಾಧನ ಬೇಡ. ದಾಟದಿದ್ದರೆ ಅದೇ ಖಯಾಲಿನ ದ್ರುತಕ್ಕೆ ಜಿಗಿಯಿರಿ, ತಾನು ಚುಚ್ಚಬಾರದು. ಆಮೇಲೆ ತತ್ವಪದ, ಪ್ರತಿ ಅಕ್ಷರ ಬಿಡಿಯಾಗಿ ಕೇಳಬೇಕು. ಸಿನಿಮಾ ಹಾಡು, ಡೊಳ್ಳು ಕೊನೆಗೆ. ಕಿವಿಯೊಳಗಿನ ಬಡ್ ತೊಟ್ಟುನೋಡಲು ಕೊಡುವ ಅಂಗಡಿ ಕಡಿಮೆ, ಆಗ ಮರಳಿಸುವ ಅವಕಾಶ ಇರುವ ಕಡೆ ಕೊಂಡು ಈ ಪರೀಕ್ಷೆಯನ್ನು ಬಸ್ಸಿನಲ್ಲೇ ಮಾಡಿ.

ಕೊಡುವ ಹಣದಲ್ಲಿ ಮೊದಲ ಪಾಲು ಕಿವಿಗೆ ಕೂರುವುದಕ್ಕೆ, ಎರಡನೆಯದು ಹೊರಸದ್ದು ತಡೆಯುವುದಕ್ಕೆ, ಮೂರನೆಯದು ನಡುವಿನ ಪಟ್ಟಿಯ ಹದಕ್ಕೆ ಸಲ್ಲಬೇಕು. ಕೋಡೆಕ್, ಡ್ರೈವರಿನ ಮಿಲಿಮೀಟರ್, ನೂರು ತಾಸಿನ ಬ್ಯಾಟರಿ ಇವೆಲ್ಲ ಅದರಾಚೆಗೆ. ಈ ಕ್ರಮದಲ್ಲಿ ಆರಿಸಿದವರಿಗೆ ಜುಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿ ರೈಲು ನಿಲ್ದಾಣದವರೆಗೆ, ಹಾಡು ಯಾವುದೇ ಬರಲಿ, ವಾಲ್ಯೂಮ್ ಬಟನ್ನಿನ ಮೇಲೆ ಬೆರಳಿಡುವ ಕೆಲಸ ಹೆಚ್ಚು ಬೀಳುವುದಿಲ್ಲ. ಓಡಾಟದ ಹೆಡ್‌ಫೋನಿನಿಂದ ಕೇಳಬೇಕಾದದ್ದೂ ಇಷ್ಟೇ.